ನವಣೆ ತಿನ್ನುವ ಹಕ್ಕಿ ಸೊರಗುವುದೇಕೆ?

“ಅದರ ಆಯುಸ್ಸೇ ಅಷ್ಟು, ಬಿಡು.” ಪಂಜರದ ಪುಟ್ಟ ಹಕ್ಕಿ ಎರಡು ಮೂರು ವರ್ಷಕ್ಕೇ ಒಂದು ಬೆಳಿಗ್ಗೆ ತಳದಲ್ಲಿ ಬಿದ್ದಿರುವುದನ್ನು ಕಂಡು ಅಳುವ ಮಗುವಿಗೆ ಮನೆಯ ಹಿರಿಯರು ಹೇಳುವ ಸಮಾಧಾನದ ಮಾತು ಇದು. ಸಮಾಧಾನಕ್ಕೆ ಸರಿ, ಆದರೆ ನಿಜವಲ್ಲ. ನಾವು ‘ಲವ್ ಬರ್ಡ್ಸ್’ ಎಂದು ಜೋಡಿಯಾಗಿ ಕೊಂಡು ತರುವ ಹಸಿರು, ಹಳದಿ, ನೀಲಿ ಬಣ್ಣದ ಈ ಹಕ್ಕಿ ಚೆನ್ನಾಗಿ ನೋಡಿಕೊಂಡರೆ ಏಳೆಂಟು ವರ್ಷ ಬದುಕುತ್ತದೆ. ಹತ್ತು ದಾಟಿದವೂ ಉಂಟು. ಅರ್ಧ ಆಯುಸ್ಸಿಗೇ ಅದು ಹೋಯಿತೆಂದರೆ ಬೆಕ್ಕು, ಚಳಿ, ಸೋಂಕು ಮುಂತಾದ ಕಾರಣಗಳ ಜೊತೆಗೆ ಅದರ ಊಟದ ಬಟ್ಟಲನ್ನೂ ಒಮ್ಮೆ ನೋಡಬೇಕು. ಬಟ್ಟಲು ಖಾಲಿ ಇತ್ತೆಂದಲ್ಲ. ಬಹುಪಾಲು ಮನೆಗಳಲ್ಲಿ ಅದು ತುಂಬಿಯೇ ಇರುತ್ತದೆ. ತೊಂದರೆ ಅಲ್ಲೇ ಇದೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಗಿಡ್ಡ ಬಾಲದ, ಗುಂಡು ಮೈಯ ಹಕ್ಕಿ. ನಮ್ಮ ಅಂಗಡಿಗಳಲ್ಲಿ ಆ ಹೆಸರಿನಲ್ಲಿ ಹೆಚ್ಚಾಗಿ ಮಾರುವುದು ಉದ್ದ ಬಾಲದ, ಆಸ್ಟ್ರೇಲಿಯ ಮೂಲದ ಬಜರಿಗಾರ್. ಸಾಕುವವರ ಬಾಯಲ್ಲಿ ಅದು ‘ಬಡ್ಜಿ’. ಕಪ್ಪು ಹಲಗೆಯ ಮೇಲೆ ಈ ಹೆಸರು ಬರೆದರೆ ಹಿಂದಿನ ಬೆಂಚಿನವರು ಮೆಣಸಿನಕಾಯಿ ಬಜ್ಜಿಯನ್ನು ನೆನೆದು ನಗುತ್ತಾರೆ, ನಗಲಿ. ನಮ್ಮ ತೋಟಗಳಲ್ಲಿ ಹಾರಾಡುವ ಹಸಿರು ಗಿಣಿಯನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ. ಹೊರದೇಶದ ಮೂಲದ ಬಡ್ಜಿಗೆ ಆ ಅಡ್ಡಿಯಿಲ್ಲ. ಅದು ಇಲ್ಲಿ ಪಂಜರದಲ್ಲೇ ಹುಟ್ಟಿ ಪಂಜರದಲ್ಲೇ ಬೆಳೆದ ಜೀವ. ಏನು ತಿನ್ನಬೇಕೆಂಬುದನ್ನು ಅದು ತಾನಾಗಿ ಹುಡುಕಿಕೊಳ್ಳಲಾರದು. ನಾವು ಹಾಕಿದ್ದೇ ಅದರ ಪಾಲಿಗೆ ಪ್ರಪಂಚದ ಅಷ್ಟೂ ಆಹಾರ.

ತಾಯ್ನಾಡಿನ ಊಟ

ಆಸ್ಟ್ರೇಲಿಯದ ಒಳನಾಡು ಬಹುಪಾಲು ಒಣಭೂಮಿ. ಮಳೆ ಎಲ್ಲಿ, ಯಾವಾಗ ಬೀಳುತ್ತದೆಂಬ ಭರವಸೆಯಿಲ್ಲ. ಬಡ್ಜಿಗಳು ದೊಡ್ಡ ಹಿಂಡು ಕಟ್ಟಿಕೊಂಡು ಮಳೆಯ ಬೆನ್ನು ಹತ್ತಿ ಅಲೆಯುತ್ತವೆ. ಮಳೆಯಾದ ಕಡೆ ಹುಲ್ಲು ಚಿಗುರಿ ತೆನೆ ಬಿಡುತ್ತದೆ. ಹಿಂಡು ಅಲ್ಲಿಳಿದು, ಮೇದು, ಮರಿ ಮಾಡಿ, ಹುಲ್ಲು ಮುಗಿದ ಮೇಲೆ ಮುಂದಕ್ಕೆ ಹೋಗುತ್ತದೆ. ಇಂಗ್ಲೆಂಡಿನ ಪಕ್ಷಿಶಾಸ್ತ್ರಜ್ಞ ಜಾನ್ ಗೌಲ್ಡ್ 1840ರಲ್ಲಿ ಜೀವಂತ ಬಡ್ಜಿಗಳನ್ನು ತನ್ನ ದೇಶಕ್ಕೆ ತಂದ. ಅಲ್ಲಿಂದ ಮುಂದೆ ಇದು ಪ್ರಪಂಚದಲ್ಲೇ ಅತಿ ಹೆಚ್ಚು ಮಂದಿ ಸಾಕುವ ಹಕ್ಕಿಗಳಲ್ಲಿ ಒಂದಾಯಿತು.

ಕಾಡಿನ ಬಡ್ಜಿಯ ಆಹಾರ ಬಹುಪಾಲು ಹುಲ್ಲಿನ ಬೀಜವೇ. “ಹಾಗಾದರೆ ನಾವು ಹಾಕುವ ನವಣೆಯೂ ಹುಲ್ಲಿನ ಬೀಜವೇ ಅಲ್ಲವೇ, ತಪ್ಪೇನು?” ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಹಕ್ಕಿಯ ಅಂಗಡಿಯವರಂತೂ ಇದೇ ವಾದ ಹೂಡಿ ಒಂದು ಚೀಲ ಕಾಳು ಕಟ್ಟಿಕೊಡುತ್ತಾರೆ.

ವ್ಯತ್ಯಾಸ ಎಲ್ಲಿದೆ ಎಂದರೆ, ಆ ಹಿಂಡು ಮೇಯುವುದು ಒಂದೆರಡಲ್ಲ, ಹತ್ತಾರು ಜಾತಿಯ ಹುಲ್ಲು. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ. ಜೊತೆಗೆ, ಅವು ಮೇಯುವ ಬೀಜವೆಲ್ಲ ನಮ್ಮ ಡಬ್ಬಿಯ ಕಾಳಿನಂತೆ ಒಣಗಿ ಗಟ್ಟಿಯಾದದ್ದಲ್ಲ. ತೆನೆ ಇನ್ನೂ ಹಸಿರಾಗಿರುವಾಗಿನ ಹಾಲುಗಾಳೂ ಅದರಲ್ಲಿ ಸೇರಿದೆ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಳಿಗಾಲದಲ್ಲಿ ಹೊಲದ ಬದುವಿನಲ್ಲಿ ಕುಳಿತು, ಸುಟ್ಟ ಜೋಳದ ತೆನೆಯನ್ನು ಬಡಿದು ತಿನ್ನುವ ಸೀತನಿಗೂ, ಬೇಸಿಗೆಯಲ್ಲಿ ಕಣಜದಿಂದ ತೆಗೆದ ಜೋಳಕ್ಕೂ ಎಷ್ಟು ಅಂತರವಿದೆ! ಬೆಳೆ ಒಂದೇ, ತಿನಿಸು ಬೇರೆ. ಹಸಿ ಕಾಳಿನಲ್ಲಿ ನೀರಿದೆ, ಸಕ್ಕರೆಯಿದೆ, ಎಳೆಯ ಸಸ್ಯಭಾಗದ ಜೀವಸತ್ವಗಳಿವೆ. ಒಣಗಿದ ಕಾಳಿನಲ್ಲಿ ಹೆಚ್ಚಾಗಿ ಉಳಿಯುವುದು ಪಿಷ್ಟ, ಒಂದಿಷ್ಟು ಪ್ರೋಟೀನು ಮತ್ತು ಕೊಬ್ಬು.

ಇದಕ್ಕಿಂತ ದೊಡ್ಡ ವ್ಯತ್ಯಾಸ ದುಡಿಮೆಯದ್ದು. ಆ ಹಕ್ಕಿ ಒಂದು ಹೊತ್ತಿನ ಮೇವಿಗೆ, ಒಂದು ಗುಟುಕು ನೀರಿಗೆ ಮೈಲಿಗಟ್ಟಲೆ ಹಾರುತ್ತದೆ. ನಮ್ಮದು ಒಂದು ಕೋಲಿನಿಂದ ಇನ್ನೊಂದು ಕೋಲಿಗೆ ನೆಗೆಯುತ್ತದೆ. ಅದೂ ಅಡಿ ಎರಡಡಿ ಅಂತರ. ಗಾಡಿ ಎಳೆಯುವ ಎತ್ತಿನ ಮೇವನ್ನು ಕಟ್ಟಿಹಾಕಿದ ಎತ್ತಿಗೆ ಹಾಕಿದಂತೆ ಆಯಿತು.

ಮೂರು ತೊಲದ ಜೀವ

ಸಾಮಾನ್ಯ ಬಡ್ಜಿಯೊಂದರ ತೂಕ ಸುಮಾರು 35 ಗ್ರಾಂ. ಹಳೆಯ ಲೆಕ್ಕದಲ್ಲಿ ಮೂರು ತೊಲ. ಒಂದು ಸಾಧಾರಣ ಮಾಂಗಲ್ಯದ ಸರದಷ್ಟು. ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಅರ್ಧ ತಪ್ಪುಗಳು ತಾವಾಗಿ ನಿಲ್ಲುತ್ತವೆ.

ಪ್ರೀತಿಯಿಂದ ಒಂದು ಶೇಂಗಾ ಬೀಜ ಕೊಡುತ್ತೀರಿ ಎನ್ನಿ. ಬೀಜ ಅರ್ಧ ಗ್ರಾಂ ತೂಗಿದರೆ ಅದು ಹಕ್ಕಿಯ ತೂಕದ ಎಪ್ಪತ್ತನೆಯ ಒಂದು ಭಾಗ. ಅರವತ್ತು ಕಿಲೋ ತೂಕದ ಮನುಷ್ಯನಿಗೆ ಇದೇ ಪ್ರಮಾಣದಲ್ಲಿ ಬಡಿಸಿದರೆ ಸುಮಾರು 850 ಗ್ರಾಂ ಶೇಂಗಾ! ಸಣ್ಣ ಪ್ರಾಣಿಗಳ ದೇಹ ನಮ್ಮದಕ್ಕಿಂತ ವೇಗವಾಗಿ ಉರಿಯುವುದರಿಂದ ಈ ತ್ರೈರಾಶಿಯನ್ನು ಹಾಗೆಯೇ ನಂಬಬೇಕಾಗಿಲ್ಲ, ಒಪ್ಪುತ್ತೇನೆ. ಆದರೆ ‘ಒಂದೇ ಒಂದು’ ಎಂಬುದು ಅದರ ಮೈಗೆ ಒಂದೇ ಒಂದಲ್ಲ ಎಂಬುದು ತಿಳಿಯಲಿಕ್ಕೆ ಸಾಕು. ನವಣೆಯಲ್ಲಿ ಕೊಬ್ಬು ನೂರಕ್ಕೆ ಸುಮಾರು ನಾಲ್ಕು ಪಾಲು. ಶೇಂಗಾ ಮತ್ತು ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಎಣ್ಣೆ. ರುಚಿ ಹತ್ತಿದ ಹಕ್ಕಿ ಬಟ್ಟಲನ್ನು ಕೆದಕಿ ಇವನ್ನೇ ಆರಿಸಿಕೊಳ್ಳುತ್ತದೆ. ಹಬ್ಬದೂಟದಲ್ಲಿ ಪಲ್ಯ ಬಿಟ್ಟು ಹೋಳಿಗೆಯನ್ನೇ ಕೇಳುವ ಮಕ್ಕಳಂತೆ.

ಹೀಗೆ ವರ್ಷಗಟ್ಟಲೆ ನಡೆದರೆ ಕೊಬ್ಬು ಎದೆಯ ಮೇಲೆ ಗಂಟಾಗುತ್ತದೆ, ಯಕೃತ್ತಿನೊಳಗೆ ತುಂಬಿಕೊಳ್ಳುತ್ತದೆ. ಕೊಕ್ಕು ವಿಪರೀತ ಉದ್ದ ಬೆಳೆಯುವುದು, ಕೊಕ್ಕಿನ ಅಥವಾ ಉಗುರಿನ ಮೇಲೆ ರಕ್ತ ಹೆಪ್ಪುಗಟ್ಟಿದಂಥ ಕಪ್ಪು ಚುಕ್ಕೆ ಬೀಳುವುದು ಯಕೃತ್ತು ಕೆಟ್ಟಿರಬಹುದೆಂಬ ಸೂಚನೆ. ಕೊಕ್ಕನ್ನು ಕತ್ತರಿಸಿ ಸರಿಮಾಡಿಸಿಕೊಂಡು ಬರುವವರು ಅನೇಕರು. ಕೊಕ್ಕು ಏಕೆ ಬೆಳೆಯಿತೆಂದು ಕೇಳುವವರು ಕಡಿಮೆ.

ತುಂಬಿದ ಬಟ್ಟಲಿನ ಕೊರತೆಗಳು

ಒಣಕಾಳಿನಲ್ಲಿ ಎ ಜೀವಸತ್ವದ ಮೂಲವಾದ ಕೆರೋಟಿನ್ ಇಲ್ಲವೆನ್ನುವಷ್ಟು ಕಡಿಮೆ. ಬಾಯಿ, ಮೂಗು, ಶ್ವಾಸನಾಳಗಳ ಒಳಪದರ ನುಣುಪಾಗಿ ಒದ್ದೆಯಾಗಿ ಇರಲು ಈ ಜೀವಸತ್ವ ಬೇಕು. ಇಲ್ಲದಿದ್ದರೆ ಆ ಪದರ ಒರಟಾಗಿ ದಪ್ಪಗಾಗಿ ರೋಗಾಣುಗಳಿಗೆ ಬಾಗಿಲು ತೆರೆದುಕೊಡುತ್ತದೆ. ಹಕ್ಕಿಗೆ ಪದೇ ಪದೇ ನೆಗಡಿ, ಮೂಗು ಕಟ್ಟುವುದು, ಏದುಸಿರು. ಮನೆಯವರು ಗಾಳಿಗೆ ಶೀತವಾಯಿತೆಂದು ಪಂಜರಕ್ಕೆ ಬಟ್ಟೆ ಹೊದಿಸುತ್ತಾರೆ. ಒಂದು ಹಿಡಿ ಸೊಪ್ಪಿನಲ್ಲಿ ತಪ್ಪಿಸಬಹುದಾಗಿದ್ದ ತೊಂದರೆ ಅದು.

ಬಡ್ಜಿಗೇ ವಿಶೇಷವಾಗಿ ಕಾಡುವ ಇನ್ನೊಂದು ಕೊರತೆ ಅಯೋಡಿನ್‌ನದು. ನಮಗೆ ಗಳಗಂಡ ಬಂದರೆ ಕತ್ತಿನ ಮುಂದೆ ಊತ ಕಾಣುತ್ತದೆ. ಅದನ್ನು ತಡೆಯಲೆಂದೇ ನಮ್ಮ ದೇಶದಲ್ಲಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಉಪ್ಪಿಗೆ ಅಯೋಡಿನ್ ಬೆರೆಸುವ ಕ್ರಮ ಬಂದಿತು. ಹಕ್ಕಿಯಲ್ಲಿ ಥೈರಾಯ್ಡ್ ಗ್ರಂಥಿ ಇರುವುದು ಕತ್ತು ಎದೆಗೂಡಿಗೆ ಸೇರುವ ಕಡೆ, ಒಳಗೆ. ಅದು ಊದಿದರೆ ಹೊರಗೆ ಏನೂ ಕಾಣಿಸದು. ಒಳಗೊಳಗೇ ಶ್ವಾಸನಾಳವನ್ನೂ ಅನ್ನನಾಳವನ್ನೂ ಒತ್ತುತ್ತದೆ. ಉಸಿರಾಡುವಾಗ ಕೀಚಲು ಸದ್ದು, ತಿಂದದ್ದನ್ನು ಹೊರಹಾಕುವುದು, ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುವುದು ಇವು ಅದರ ಗುರುತು. ಹಾಗೆಂದು ನಮ್ಮ ಅಡುಗೆಯ ಉಪ್ಪನ್ನು ಅದಕ್ಕೆ ಕೊಡುವಂತಿಲ್ಲ. ಮೂರು ತೊಲದ ಮೈಗೆ ಉಪ್ಪು ವಿಷ. ಹಕ್ಕಿಯ ಅಂಗಡಿಯಲ್ಲಿ ಸಿಗುವ, ಅಯೋಡಿನ್ ಇದೆಯೆಂದು ಸ್ಪಷ್ಟವಾಗಿ ಬರೆದಿರುವ ಖನಿಜದ ಬಿಲ್ಲೆಯನ್ನು ಪಂಜರಕ್ಕೆ ಸಿಕ್ಕಿಸಿದರೆ ಬೇಕಾದಾಗ ಅದು ಕಚ್ಚಿಕೊಳ್ಳುತ್ತದೆ.

ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಕಾಳಿನಲ್ಲಿ ತೀರಾ ಕಡಿಮೆ. ಹೆಣ್ಣು ಹಕ್ಕಿಯ ಕಷ್ಟ ಇಲ್ಲಿ ದೊಡ್ಡದು. ಬಡ್ಜಿಯ ಮೊಟ್ಟೆ ಒಂದೊಂದೂ ಸುಮಾರು ಎರಡು ಗ್ರಾಂ. ದಿನ ಬಿಟ್ಟು ದಿನ ಐದು ಮೊಟ್ಟೆಯಿಟ್ಟರೆ ಹತ್ತು ಗ್ರಾಂ. ತನ್ನ ಮೈತೂಕದ ಕಾಲು ಭಾಗಕ್ಕಿಂತ ಹೆಚ್ಚು! ಚಿಪ್ಪಿಗೆ ಬೇಕಾದ ಸುಣ್ಣ ಆಹಾರದಲ್ಲಿ ಸಿಗದಿದ್ದರೆ ಅದು ತನ್ನ ಮೂಳೆಯಿಂದ ಕಿತ್ತುಕೊಡುತ್ತದೆ. ಅದೂ ಮುಗಿದಾಗ ಮೊಟ್ಟೆ ಹೊರಬಾರದೆ ಒಳಗೇ ಸಿಕ್ಕಿಕೊಂಡು ಹಕ್ಕಿ ಸಾಯುವುದುಂಟು. ಇದಕ್ಕೆ ಸುಲಭದ ಪರಿಹಾರ ಸಮುದ್ರನೊರೆ. ಹೆಸರು ನೊರೆಯಾದರೂ ಅದು ಬೊಂಡಾಸದ ಹತ್ತಿರದ ಸಂಬಂಧಿಯಾದ ಕಡಲ ಪ್ರಾಣಿಯೊಂದರ ಬೆನ್ನಿನೊಳಗಿನ ಬಿಳಿಯ ಹಗುರ ಚಿಪ್ಪು. ಹಕ್ಕಿಯ ಅಂಗಡಿಯಲ್ಲೂ, ಗಿಡಮೂಲಿಕೆ ಮಾರುವ ಗ್ರಂಥಿಗೆ ಅಂಗಡಿಯಲ್ಲೂ ಸಿಗುತ್ತದೆ. ಪಂಜರಕ್ಕೆ ಕಟ್ಟಿದರಾಯಿತು.

ತಿಂದ ಸುಣ್ಣ ಮೈಗೆ ಹತ್ತಲು ಡಿ ಜೀವಸತ್ವ ಬೇಕು. ಅದಕ್ಕೆ ಬೆಳಗಿನ ಎಳೆಬಿಸಿಲಿಗಿಂತ ಅಗ್ಗದ ಔಷಧಿಯಿಲ್ಲ. ಗಾಜಿನ ಕಿಟಕಿಯ ಒಳಗಿನ ಬಿಸಿಲು ಪ್ರಯೋಜನವಿಲ್ಲ. ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ. ಪಂಜರವನ್ನು ಅರ್ಧ ನೆರಳಿರುವಂತೆ ಹೊರಗಿಡಿ. ಬೆಕ್ಕು, ಕಾಗೆಗಳ ಮೇಲೆ ಕಣ್ಣಿರಲಿ.

ಆಹಾರದಲ್ಲಿ ಇಂಥ ಕಾಣದ ವಸ್ತುಗಳಿವೆ ಎಂಬುದನ್ನು ಮನುಷ್ಯನಿಗೆ ಮೊದಲು ತೋರಿಸಿಕೊಟ್ಟವರಲ್ಲಿ ಹಕ್ಕಿಗಳೂ ಸೇರಿವೆ. ಕ್ರಿಸ್ಟಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಜಾವಾ ದ್ವೀಪದಲ್ಲಿ, ಇಂದಿನ ಜಕಾರ್ತಾ ನಗರದಲ್ಲಿ, ಬೆರಿಬೆರಿ ರೋಗದ ಕಾರಣ ಹುಡುಕುತ್ತಿದ್ದ. 1890ರ ಸುಮಾರಿನಲ್ಲಿ ಅವನ ಪ್ರಯೋಗಶಾಲೆಯ ಕೋಳಿಗಳು ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳ ಮೇಲೆ ತಾವಾಗಿಯೇ ಚೇತರಿಸಿಕೊಂಡವು. ವಿಚಾರಿಸಿದರೆ, ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿಯ ಅನ್ನ ಹಾಕಲಾಗುತ್ತಿತ್ತು. ಹೊಸದಾಗಿ ಬಂದ ಅಡುಗೆಯವನು, ಮಿಲಿಟರಿಯ ಅನ್ನ ಮಿಲಿಟರಿಯದಲ್ಲದ ಕೋಳಿಗೇಕೆಂದು ನಿಲ್ಲಿಸಿಬಿಟ್ಟ. ಬದಲಿಗೆ ತವುಡು ತೆಗೆಯದ ಅಗ್ಗದ ಅಕ್ಕಿ ಬಂತು, ಕೋಳಿಗಳು ಎದ್ದು ನಿಂತವು! ತವುಡಿನಲ್ಲಿದ್ದದ್ದು ಈಗ ನಾವು ಬಿ1 ಎನ್ನುವ ಜೀವಸತ್ವ. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನ ಬಂತು. ಆ ಅಡುಗೆಯವನ ಹೆಸರನ್ನು ಪಾಠಪುಸ್ತಕಗಳು ಹೇಳುವುದಿಲ್ಲ. ಇಂದಿಗೂ ಪಂಜರದ ಹಕ್ಕಿಗೆ ಬಿಳಿ ಅಕ್ಕಿಯ ನುಚ್ಚು ಹಾಕುವವರು ಈ ಕೋಳಿಗಳನ್ನು ನೆನೆಯುವುದು ಒಳ್ಳೆಯದು.

ಕಾಳು ಕೊಳ್ಳುವಾಗ

ಕಾಳನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಬಡ್ಜಿ ಕಾಳಿನ ಹಕ್ಕಿಯೇ. ಒಣಕಾಳು ಒಟ್ಟು ಆಹಾರದ ಸುಮಾರು ಅರ್ಧ ಭಾಗಕ್ಕೆ ನಿಲ್ಲಲಿ, ಒಳ್ಳೆಯ ಕಾಳಾಗಿರಲಿ ಎನ್ನುವುದಷ್ಟೇ ಮಾತು.

ಈ ವಿಷಯದಲ್ಲಿ ಕರ್ನಾಟಕದವರು ಪುಣ್ಯವಂತರು. ಹೊರದೇಶಗಳಲ್ಲಿ ಬಡ್ಜಿಗೆಂದು ಪೊಟ್ಟಣ ಕಟ್ಟಿ ಮಾರುವ ತೆನೆ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು, ಚಿತ್ರದುರ್ಗದ ಕಡೆ ಬೆಳೆಯುವ ಅದೇ ನವಣೆ. ಬರಗು, ಸಾಮೆ, ಸಜ್ಜೆ ಎಲ್ಲವೂ ಅದಕ್ಕೆ ಇಷ್ಟ. ಒಂದು ಕಾಲಕ್ಕೆ ಬಡವರ ಕಾಳೆಂದು ಮೂಲೆ ಸೇರಿದ್ದ ಇವು ‘ಸಿರಿಧಾನ್ಯ’ವೆಂಬ ಹೊಸ ಹೆಸರಿನಲ್ಲಿ ಮರಳಿ ಬಂದವು. ಭಾರತದ ಸಲಹೆಯಂತೆ ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದೂ ಆಚರಿಸಿತು. ಹಕ್ಕಿಗಳು ಮಾತ್ರ ಈ ಸಂಗತಿಯನ್ನು ಮೊದಲಿನಿಂದಲೂ ಬಲ್ಲವು.

ಆದರೆ ಒಂದು ಎಚ್ಚರಿಕೆ. ದಿನಸಿ ಅಂಗಡಿಯಲ್ಲಿ ‘ನವಣೆ ಅಕ್ಕಿ’ ಎಂದು ಸಿಗುವುದು ನಮ್ಮ ಅಡುಗೆಗೆಂದು ಹೊಟ್ಟು ತೆಗೆದದ್ದು. ಹಕ್ಕಿಗೆ ಹೊಟ್ಟು ಸಹಿತವಾದ ಇಡೀ ಕಾಳೇ ಬೇಕು. ಹೊಟ್ಟು ತೆಗೆದ ಕಾಳು ಬೇಗ ಮುಗ್ಗುತ್ತದೆ. ಮೇಲಾಗಿ ಕಾಳನ್ನು ನಾಲಿಗೆಯಲ್ಲಿ ಉರುಳಿಸಿ, ಕೊಕ್ಕಿನ ಅಂಚಿನಿಂದ ಸೀಳಿ ಹೊಟ್ಟು ಉದುರಿಸುವುದು ಅದಕ್ಕೆ ದಿನವಿಡೀ ಮಾಡಲು ಒಂದು ಕೆಲಸ. ರೈತರ ಅಂಗಡಿಯ ಬಿತ್ತನೆ ಬೀಜವನ್ನಂತೂ ತರಲೇಬಾರದು. ಅದಕ್ಕೆ ಶಿಲೀಂಧ್ರನಾಶಕದ ಲೇಪವಿರುತ್ತದೆ. ಕಾಳಿನ ಮೇಲೆ ಗುಲಾಬಿಯೋ ಕೆಂಪೋ ಬಣ್ಣ ಕಂಡರೆ ಮುಟ್ಟಬೇಡಿ.

ಕಾಳು ಹಳತೋ ಹೊಸತೋ ತಿಳಿಯುವುದು ಹೇಗೆ? ಎಂಟನೆಯ ತರಗತಿಯ ಮಕ್ಕಳೂ ಮಾಡಬಲ್ಲ ಪರೀಕ್ಷೆ ಇದೆ. ಇಪ್ಪತ್ತು ಕಾಳನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಮಡಿಸಿಡಿ. ಬಟ್ಟೆ ಆರದಂತೆ ನೋಡಿಕೊಳ್ಳಿ. ನಾಲ್ಕೈದು ದಿನದಲ್ಲಿ ಹದಿನಾರು ಹದಿನೇಳಾದರೂ ಮೊಳೆತರೆ ಕಾಳಿಗೆ ಜೀವವಿದೆ. ಐದಾರೇ ಮೊಳೆತರೆ ಅಂಗಡಿ ಬದಲಿಸಿ. ಮುಗ್ಗಲು ವಾಸನೆ, ಬೂಸ್ಟು, ಎಳೆ ಎಳೆಯ ಬಲೆ ಕಂಡರೆ ಪರೀಕ್ಷೆಯೂ ಬೇಡ, ತಿಪ್ಪೆಗೆ ಎಸೆಯಿರಿ. ಬೂಸ್ಟಿನ ವಿಷ ಎಂಥದೆಂದು ತಿಳಿದದ್ದೂ ಹಕ್ಕಿಗಳಿಂದಲೇ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿಯಲ್ಲಿ ಬೆಳೆದಿದ್ದ ಬೂಸ್ಟು ಅದಕ್ಕೆ ಕಾರಣವೆಂದು ಗೊತ್ತಾಗಿ, ಆ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು.

ದಿನಕ್ಕೆ ಒಂದು ಹಕ್ಕಿಗೆ ಒಂದೂವರೆಯಿಂದ ಎರಡು ಚಹಾ ಚಮಚ ಕಾಳು ಬೇಕಾದಷ್ಟಾಯಿತು. ಸೊಪ್ಪು, ಮೊಳಕೆ ರೂಢಿಯಾದ ಮೇಲೆ ಅದರಲ್ಲೂ ಕಡಿಮೆ ಮಾಡಬಹುದು. ಬಟ್ಟಲನ್ನು ನೋಡಿದೊಡನೆ ‘ಇನ್ನೂ ತುಂಬಿದೆಯಲ್ಲ’ ಎಂದುಕೊಳ್ಳಬೇಡಿ. ಹಕ್ಕಿ ಕಾಳು ತಿಂದು ಹೊಟ್ಟನ್ನು ಅಲ್ಲೇ ಬಿಡುತ್ತದೆ. ಮೇಲೆ ನೋಡಿದರೆ ಬಟ್ಟಲು ತುಂಬ ಕಾಳು. ಊದಿದರೆ ಎಲ್ಲ ಜೊಳ್ಳು. ಮನೆಯವರು ಎರಡು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ‘ತುಂಬಿದ’ ಬಟ್ಟಲಿನ ಮುಂದೆ ಹಸಿದು ಸತ್ತ ಹಕ್ಕಿಗಳಿವೆ. ಪ್ರತಿದಿನ ಬಟ್ಟಲನ್ನು ಹೊರಗೆ ಒಯ್ದು ಒಮ್ಮೆ ಊದಿ. ಹೊಟ್ಟು ಸುಲಿದು ತಿನ್ನುವುದರಿಂದಲೇ ಇದಕ್ಕೆ ಕೋಳಿ, ಪಾರಿವಾಳಗಳಂತೆ ಕಲ್ಲುಹರಳಿನ ಅಗತ್ಯವಿಲ್ಲ. ಹೆಚ್ಚು ತಿಂದರೆ ಹೊಟ್ಟೆಯೊಳಗೆ ಗಂಟುಕಟ್ಟಿಕೊಳ್ಳುವ ಅಪಾಯವೇ ಇದೆ.

ಇತ್ತೀಚೆಗೆ ಹಕ್ಕಿಗೆಂದೇ ತಯಾರಿಸಿದ ಗುಳಿಗೆ ಆಹಾರ ನಗರಗಳಲ್ಲಿ ಸಿಗುತ್ತಿದೆ. ಬೆಲೆ ಜಾಸ್ತಿ. ಎಲ್ಲ ಪೋಷಕಾಂಶ ಸೇರಿಸಿ ಮಾಡಿದ್ದಾದ್ದರಿಂದ ಕೊಳ್ಳುವ ಶಕ್ತಿಯಿದ್ದವರು ಕಾಳಿನ ಒಂದು ಪಾಲಿಗೆ ಬದಲಾಗಿ ಕೊಡಬಹುದು. ಗುಳಿಗೆ ಕೊಡುವವರು ಜೀವಸತ್ವದ ಹನಿಗಳನ್ನು ಬೇರೆಯಾಗಿ ಹಾಕಕೂಡದು. ಎ ಮತ್ತು ಡಿ ಮಿತಿಮೀರಿದರೆ ಅವೂ ವಿಷವೇ. ಕುಡಿಯುವ ನೀರಿಗೆ ಬಣ್ಣದ ಟಾನಿಕ್ ಬೆರೆಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ನೀರು ಬೇಗ ಕೆಡುತ್ತದೆ. ರುಚಿ ಬದಲಾಯಿತೆಂದು ಹಕ್ಕಿ ನೀರನ್ನೇ ಕಡಿಮೆ ಕುಡಿಯುತ್ತದೆ.

ಸೊಪ್ಪಿನ ಗಾಡಿ ಬಂದಾಗ

ದುಬಾರಿ ಟಾನಿಕ್ಕಿನ ಬದಲು ಬೆಳಿಗ್ಗೆ ಬೀದಿಗೆ ಬರುವ ಸೊಪ್ಪಿನ ಗಾಡಿ ಸಾಕು. ನುಗ್ಗೆಸೊಪ್ಪಿಗೆ ನನ್ನ ಮೊದಲ ಓಟು. ಕೆರೋಟಿನ್ನೂ ಸುಣ್ಣವೂ ಎರಡೂ ಅದರಲ್ಲಿ ಹೇರಳ, ಹಿತ್ತಲಲ್ಲಿ ಮರವಿದ್ದರೆ ಖರ್ಚೂ ಇಲ್ಲ. ಕೊತ್ತಂಬರಿ, ಮೆಂತ್ಯದ ಸೊಪ್ಪು, ಮೂಲಂಗಿ ಸೊಪ್ಪು ಕೊಡಬಹುದು. ಪಾಲಕ್, ಹರಿವೆಯಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅಪರೂಪಕ್ಕೆ ಸಾಕು. ತುರಿದ ಗಜ್ಜರಿ, ಸಿಹಿಗುಂಬಳದ ತುರಿ, ಎಳೆ ಜೋಳದ ಕಾಳು, ದೊಣ್ಣೆ ಮೆಣಸಿನಕಾಯಿ ಎಲ್ಲವೂ ಆಗುತ್ತದೆ. ಹಸಿಮೆಣಸಿನಕಾಯಿಯೂ ಆಗುತ್ತದೆ! ಖಾರದ ಅಂಶವನ್ನು ಗುರುತಿಸುವ ಗ್ರಾಹಕ ನಮ್ಮ ನರಗಳಲ್ಲಿದೆ. ಅದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಹಕ್ಕಿಗಳ ಗ್ರಾಹಕಕ್ಕೆ ಖಾರ ತಟ್ಟುವುದೇ ಇಲ್ಲ. ಗಿಣಿ ಬ್ಯಾಡಗಿಯನ್ನಾಗಲಿ ಗುಂಟೂರನ್ನಾಗಲಿ ಕಣ್ಣಲ್ಲಿ ನೀರಿಲ್ಲದೆ ತಿನ್ನುವ ಗುಟ್ಟು ಇದು.

ಹಣ್ಣು ಚೂರು ಸಾಕು. ಪರಂಗಿ, ಸೀಬೆ, ಸೇಬು. ಸೇಬಿನ ಬೀಜ ತೆಗೆದಿರಬೇಕು, ಅದರಲ್ಲಿ ಸಯನೈಡ್ ಹುಟ್ಟಿಸುವ ವಸ್ತುವಿದೆ. ಯಾವುದೇ ಸೊಪ್ಪನ್ನು ಔಷಧಿ ಸಿಂಪಡಿಸಿದ್ದಾರೆಂದೇ ಎಣಿಸಿ ಎರಡು ಮೂರು ನೀರಿನಲ್ಲಿ ತೊಳೆಯಿರಿ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದನ್ನು ತೆಗೆದುಬಿಡಿ.

ಮೊಳಕೆ ನಮ್ಮ ಮನೆಗಳಿಗೆ ಹೊಸದಲ್ಲ. ನವಣೆ, ಸಜ್ಜೆ, ಹೆಸರುಕಾಳನ್ನು ನೆನೆಹಾಕಿ, ಬಸಿದು, ಬಟ್ಟೆ ಕಟ್ಟಿ, ಬಾಲ ಮೂಡುತ್ತಲೇ ತೊಳೆದು ಕೊಡಿ. ಒಣಕಾಳು ಮತ್ತೆ ಸೀತನಿಯಂತಾಗುವ ದಾರಿ ಇದು. ಕಿರುಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಹೆಸರುಕಾಳು ಅದನ್ನು ತುಂಬಿಕೊಡುತ್ತದೆ. ರೊಟ್ಟಿಯ ಜೊತೆ ಬೇಳೆ ಇರಬೇಕೆಂದು ಅಜ್ಜಿಯರು ಕಂಡುಕೊಂಡದ್ದೂ ಇದನ್ನೇ. ಮೊಳಕೆ ಲೋಳೆಯಾದರೆ, ಹುಳಿ ವಾಸನೆ ಬಂದರೆ ಕೊಡಬೇಡಿ. ಬೇಸಿಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಪಂಜರದಲ್ಲಿ ಬಿಡಲೂಬೇಡಿ.

ಬಡಿಸಬಾರದ್ದು

ಬೆಣ್ಣೆಹಣ್ಣನ್ನು ಮೊದಲು ಹೇಳಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೆಳೆದು ಈಗ ಎಲ್ಲೆಡೆ ಮಾರಾಟವಾಗುವ ಈ ಹಣ್ಣಿನಲ್ಲಿ ಪರ್ಸಿನ್ ಎಂಬ ವಸ್ತುವಿದೆ. ನಮಗೆ ಏನೂ ಮಾಡದ ಅದು ಬಡ್ಜಿಯ ಹೃದಯವನ್ನು ಘಾಸಿಮಾಡಿ ಒಂದೆರಡು ದಿನದಲ್ಲೇ ಕೊಲ್ಲಬಲ್ಲದು. ಚಾಕೊಲೇಟ್, ಕಾಫಿ, ಚಹಾ, ಮದ್ಯ ಇವೂ ಹಾಗೆಯೇ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಬಿಸ್ಕತ್ತು, ಚೌಚೌ, ಖಾರಾ ಮಂಡಕ್ಕಿಯಲ್ಲಿ ಖಾರ ತೊಂದರೆಯಲ್ಲ, ಉಪ್ಪು ಮತ್ತು ಎಣ್ಣೆ ತೊಂದರೆ. ಹಾಲನ್ನು ಅರಗಿಸುವ ಕಿಣ್ವ ಹಕ್ಕಿಗಿಲ್ಲ. ಬಾಯಿಂದ ಬಾಯಿಗೆ ತುತ್ತು ಕೊಡುವ ಮುದ್ದು ಇಬ್ಬರಿಗೂ ಒಳ್ಳೆಯದಲ್ಲ.

ಆಹಾರವಲ್ಲದಿದ್ದರೂ ಅಡುಗೆಮನೆಯ ಒಂದು ಮಾತು: ಅಂಟದ ಲೇಪದ ಬಾಣಲೆ ಒಲೆಯ ಮೇಲೆ ಖಾಲಿಯಾಗಿ ಕಾದುಹೋದರೆ ಹೊರಬರುವ ಅನಿಲ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಪಂಜರ ಅಡುಗೆಮನೆಯಲ್ಲಿ ಬೇಡವೇ ಬೇಡ.

ಒಗ್ಗಿಸುವ ಬಗೆ

“ಸೊಪ್ಪು ಹಾಕಿದೆವು ಮೇಷ್ಟ್ರೇ, ಮೂಸಿಯೂ ನೋಡಲಿಲ್ಲ” ಎಂಬ ದೂರು ಬರುತ್ತದೆ. ನಿಜ. ಮರಿಯಾಗಿದ್ದಾಗ ಕಂಡದ್ದನ್ನಷ್ಟೇ ಬಡ್ಜಿ ಆಹಾರವೆಂದು ಬಲ್ಲದು. ಅದರ ಕಣ್ಣಿಗೆ ಕೊತ್ತಂಬರಿ ಕಟ್ಟು ಪಂಜರಕ್ಕೆ ನುಗ್ಗಿದ ಒಂದು ಹಸಿರು ಪ್ರಾಣಿ. ಎರಡು ದಿನ ನೋಡಿ ಕೈಬಿಡುವವರೇ ಹೆಚ್ಚು. ಒಗ್ಗಲು ವಾರಗಳು ಬೇಕು, ಕೆಲವಕ್ಕೆ ತಿಂಗಳುಗಳು.

ಬೆಳಿಗ್ಗೆ ಹಸಿವಿರುವಾಗ, ಕಾಳು ಹಾಕುವ ಮುಂಚೆ, ತೊಳೆದ ಒದ್ದೆ ಸೊಪ್ಪನ್ನು ಅದು ಕೂರುವ ಕೋಲಿನ ಪಕ್ಕಕ್ಕೆ ಬಟ್ಟೆಯ ಕ್ಲಿಪ್ಪಿನಿಂದ ಸಿಕ್ಕಿಸಿ. ಒದ್ದೆ ಎಲೆಗೆ ಮೈ ಉಜ್ಜಿ ಸ್ನಾನ ಮಾಡುವುದು ಬಡ್ಜಿಗೆ ಇಷ್ಟ. ಸ್ನಾನಕ್ಕೆ ಬಂದದ್ದು ಕಚ್ಚಿ ನೋಡುತ್ತದೆ. ಗಜ್ಜರಿ ತುರಿಯ ಮೇಲೆ ಒಂದಿಷ್ಟು ನವಣೆ ಉದುರಿಸಿ. ಕಾಳು ಹೆಕ್ಕುವಾಗ ತುರಿಯೂ ನಾಲಿಗೆಗೆ ತಾಗುತ್ತದೆ. ಅದರ ಮುಂದೆ ಕುಳಿತು ನೀವೇ ಅದೇ ಸೊಪ್ಪನ್ನು ಅಗಿಯಿರಿ. ನಗಬೇಡಿ, ಹಿಂಡಿನ ಹಕ್ಕಿಯಾದ್ದರಿಂದ ಇನ್ನೊಬ್ಬರು ತಿನ್ನುವುದನ್ನು ಕಂಡೇ ಅದು ಕಲಿಯುತ್ತದೆ. ಸೊಪ್ಪು ತಿನ್ನುವ ಇನ್ನೊಂದು ಹಕ್ಕಿ ಪಕ್ಕದ ಪಂಜರದಲ್ಲಿದ್ದರಂತೂ ನಿಮ್ಮ ಕೆಲಸ ಮುಗಿಯಿತು.

“ಹೊಟ್ಟೆ ಹಸಿದರೆ ತಾನೇ ತಿನ್ನುತ್ತದೆ” ಎಂದು ಕಾಳು ನಿಲ್ಲಿಸುವುದು ಮಾತ್ರ ಕ್ರೂರ. ಇಷ್ಟು ಸಣ್ಣ ಹಕ್ಕಿ ಒಂದು ದಿನ ಪೂರ್ತಿ ಉಪವಾಸವಿದ್ದರೇ ಪ್ರಾಣಕ್ಕೆ ಅಪಾಯ. ಅರ್ಧ ಗಂಟೆ, ಒಂದು ಗಂಟೆ ಸೊಪ್ಪು. ಆಮೇಲೆ ಎಂದಿನ ಕಾಳು. ಈ ದಿನಗಳಲ್ಲಿ ತೂಕದ ಲೆಕ್ಕವಿರಲಿ. ಗ್ರಾಂ ತೋರಿಸುವ ಅಡುಗೆಮನೆಯ ವಿದ್ಯುನ್ಮಾನ ತಕ್ಕಡಿಯ ಮೇಲೆ ಪುಟ್ಟ ಡಬ್ಬಿಯಿಟ್ಟು, ಹಕ್ಕಿಯನ್ನು ಅದರಲ್ಲಿ ಕೂರಿಸಿ ದಿನವೂ ಬೆಳಿಗ್ಗೆ ತೂಗಿ, ಕ್ಯಾಲೆಂಡರಿನ ಮೇಲೆ ಬರೆದಿಡಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರಿಗೇ ಈ ಕೆಲಸ ಕೊಡಿ. ನಕ್ಷೆ ಎಳೆಯುವುದನ್ನೂ ಕಲಿತಂತಾಗುತ್ತದೆ. 35 ಗ್ರಾಂ ಇದ್ದದ್ದು 32ಕ್ಕೆ ಇಳಿಯಿತೆಂದರೆ ಅರವತ್ತು ಕಿಲೋದವರು ಐದು ಕಿಲೋ ಕಳೆದುಕೊಂಡಂತೆ. ಒಗ್ಗಿಸುವುದನ್ನು ನಿಲ್ಲಿಸಿ, ಕಾಳು ಧಾರಾಳವಾಗಿ ಹಾಕಿ.

ತೂಕ ಆಮೇಲೂ ಇಳಿಯುತ್ತಿದ್ದರೆ, ಅಥವಾ ಹಕ್ಕಿ ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ಕುಳಿತಿದ್ದರೆ ಅಂಗಡಿಯವರ ಸಲಹೆಗೆ ಕಾಯಬೇಡಿ. ಹಕ್ಕಿ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ. ಕಾಯಿಲೆ ಕಾಣಿಸಿದ ದಿನ ಅದು ಹಳೆಯದಾಗಿರುತ್ತದೆ. ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ದೂರದ ಊರಿನವರು ಸ್ಥಳೀಯ ಪಶುವೈದ್ಯರಿಗೆ ತೂಕದ ಪಟ್ಟಿಯನ್ನೂ, ಹಕ್ಕಿ ಏನೇನು ತಿನ್ನುತ್ತದೆಂಬ ಚೀಟಿಯನ್ನೂ ತೋರಿಸಿದರೆ ಅವರ ಕೆಲಸ ಹಗುರವಾಗುತ್ತದೆ.

ಕೊನೆಗೆ ಖರ್ಚಿಲ್ಲದ ಒಂದು ಉಪಾಯ. ನವರಾತ್ರಿಯಲ್ಲಿ ಘಟಸ್ಥಾಪನೆಗೆ ಮಣ್ಣಿನಲ್ಲಿ ಧಾನ್ಯ ಬಿತ್ತುವ ಪದ್ಧತಿ ಅನೇಕ ಮನೆಗಳಲ್ಲಿದೆಯಲ್ಲ, ಅದೇ ಕ್ರಮ. ಒಡೆದ ಕುಂಡ, ಹಳೆಯ ಬಕೆಟ್ಟು ಏನಾದರೂ ಸರಿ, ಮಣ್ಣು ಗೊಬ್ಬರ ತುಂಬಿ, ಹಕ್ಕಿಯ ಡಬ್ಬಿಯಿಂದಲೇ ಒಂದು ಚಿಟಿಕೆ ನವಣೆ ಚೆಲ್ಲಿ. ವಾರದಲ್ಲಿ ಬರುವ ಎಳೆ ಪೈರನ್ನು ಕತ್ತರಿಸಿ ಹಾಕಬಹುದು. ಹತ್ತು ಹನ್ನೆರಡು ಸಸಿಗಳನ್ನು ಮಾತ್ರ ಕತ್ತರಿಸದೆ ಬಿಡಿ. ಎರಡು ತಿಂಗಳಿಗೆ ನರಿಬಾಲದಂಥ ತೆನೆ ಬಾಗುತ್ತದೆ. ಉಗುರಿನಿಂದ ಒತ್ತಿದರೆ ಕಾಳಿನಿಂದ ಬಿಳಿ ಹಾಲು ಬರುವ ಹೊತ್ತಿಗೆ ದಂಟು ಸಮೇತ ಕೊಯ್ದು ಪಂಜರದ ಮೇಲ್ಗಡೆಗೆ ತೂಗುಬಿಡಿ. ಮೊದಲ ತೆನೆ ಕೊಡುವ ದಿನ ಬಟ್ಟಲಿನಲ್ಲಿ ಕಾಳನ್ನೂ ಇಟ್ಟಿರಿ, ಅದು ಯಾವುದರತ್ತ ಹೋಗುತ್ತದೆಂದು ನೋಡಬಹುದು.